ಗ್ರೀಕಿನಲ್ಲಿ ಇಲ್ಲದ ಮಾತು

ವಿಕ್ರಾಂತ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ಸ್ಟೇಜಿನ ಮೇಲೆ ಓದಿ ಸಾಕ್ಷಿ ಹೇಳುವವನು ನೀನು.

ನಿನ್ನೆ ರಾಯಬಾಗದ ನಿನ್ನ ಪ್ರಾರ್ಥನಾಕೂಟದಲ್ಲಿ ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. "ವಿಶ್ವಾಸ ಇಡ್ರಿ ಅಂದ್ರ ಗುಳಿಗಿ ಬಿಡ್ರಿ ಅಂತ ಮೂಲ ಗ್ರೀಕಿನ್ಯಾಗ ಐತಿ" ಎಂದು ನೀನು ಸ್ಟೇಜಿನ ಮೇಲಿಂದ ಹೇಳಿದೆ. ಪಾದ್ರಿಯಾಗಲು ಕಲಿಯುತ್ತಿದ್ದ ಸೆಮಿನರಿಯಲ್ಲಿ ಒಂದೇ ನಿಘಂಟು ಹಂಚಿಕೊಂಡು ಬೈಬಲಿನ ಆ ವಚನವನ್ನು ನಾವಿಬ್ಬರೂ ಗ್ರೀಕಿನಲ್ಲೇ ಓದಿದ್ದೆವು. ಅದರಲ್ಲಿ ಗುಳಿಗೆಯ ಸುದ್ದಿಯೇ ಇಲ್ಲ.

ನಮ್ಮ ಪಕ್ಕದ ಮನೆಯ ಕಸ್ತೂರೆವ್ವ ತನ್ನ ಶುಗರ್ ಗುಳಿಗೆಗಳನ್ನು ಕಾಣಿಕೆ ಚೀಲಕ್ಕೆ ಹಾಕಿಬಿಟ್ಟಳು.

"ಎವ್ವಾ, ಅದರಾಗ ಹಂಗಿಲ್ಲ. ನಾನೂ ಗ್ರೀಕ್ ಓದೇನಿ" ಎಂದೆ.

"ಓದಿದ್ರ ನೀನೂ ಸ್ಟೇಜ್ ಮ್ಯಾಲ ಇರ್ತಿದ್ದಿ, ತಮ್ಮಾ" ಎಂದಳು.

ಇವತ್ತು ಹೊಸ ಗುಳಿಗೆ ಒಯ್ದೆ, ಬಾಗಿಲಲ್ಲೇ ತಿರುಗಿ ಕೊಟ್ಟಳು. ನಿನಗೆ ಗ್ರೀಕ್ ಅಕ್ಷರ ತಿದ್ದಿಸಿದವನು ನಾನೇ ಎನ್ನಲು ನನಗೆ ಬಾಯಿ ಬರಲಿಲ್ಲ.