ಗ್ಲೆನಿಸ್ ತಿಂದ ಸಬ್ಬಕ್ಕಿ

ಭಾನುವಾರ, ನವೆಂಬರ್ 10, 1985

ಆ ಗ್ಲೆನಿಸಳನ್ನು ಊಟಕ್ಕೆ ಕರೆದವಳು ನಾನೇ. ಅನುಭವಿಸಬೇಕು.

ಕಾರ್ಡಿಫ್ ಬಿಟ್ಟು ಊರಿಗೆ ಮರಳಿದ್ದಾಳೆ, ಒಂಟಿ ಹೆಂಗಸು, ನನ್ನ ಗಂಡ ಎಮ್ರಿಸನ ಶಾಲೆಯ ಗೆಳತಿ ಎಂದು ಕನಿಕರಪಟ್ಟೆ. ಕುರಿಮಾಂಸ ಮುಗಿಯುವ ತನಕ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಪ್ರತಿ ಭಾನುವಾರದಂತೆ ಹಾಲಿನಲ್ಲಿ ಬೇಯಿಸಿದ ಸಬ್ಬಕ್ಕಿಯನ್ನು ಎಮ್ರಿಸನ ಮುಂದಿಟ್ಟೆ. ಅವಳು ಕಿಸಕ್ಕನೆ ನಕ್ಕಳು.

"ಅಯ್ಯೋ ಎಮ್ರಿಸ್, ಈ ಕಪ್ಪೆಮೊಟ್ಟೆ ಈಗ ತಿಂತೀಯೇನೋ? ಶಾಲೇಲಿ ನೋಡಿದ್ರೇ ವಾಕರಿಸ್ತಿದ್ದೆ!"

"ಸುಮ್ನಿರೇ ಮಾರಾಯ್ತಿ," ಎಂದ. ಕಿವಿ ಕೆಂಪಾಗಿತ್ತು. ನನ್ನನ್ನು ಎಂದೂ ಹಾಗೆ ಕರೆದವನಲ್ಲ.

ಶಾಲೆಯ ಊಟದಲ್ಲಿ ಬಟ್ಟಲು ಖಾಲಿಯಾಗದೆ ಮಕ್ಕಳು ಏಳುವಂತಿರಲಿಲ್ಲವಂತೆ. ಬಡಿಸುವಾಕೆ ಅತ್ತ ತಿರುಗಿದ ಕೂಡಲೇ ಇವನು ತನ್ನದನ್ನು ಗ್ಲೆನಿಸಳ ಕಡೆ ತಳ್ಳುತ್ತಿದ್ದನಂತೆ. ಅವಳು ಎರಡನ್ನೂ ತಿಂದು ಮುಗಿಸುತ್ತಿದ್ದಳಂತೆ.

"ನಂಗೂ ಅದು ಸೇರ್ತಿರ್ಲಿಲ್ಲ ಕಣೋ," ಎಂದಳು ಇವತ್ತು.

"ಮತ್ತೆ ಯಾಕೆ ತಿಂತಿದ್ದೆ?" ಎಂದ ಎಮ್ರಿಸ್.

ಅವಳು ಚಹಾದ ಕಪ್ಪು ಎತ್ತಿಕೊಂಡಳು. ಇವನು ಅವಳನ್ನೇ ನೋಡುತ್ತಾ ಕೂತ. ನಾನು ತಟ್ಟೆಗಳನ್ನು ಬಡಬಡನೆ ಎತ್ತಿದೆ.

ಅವಳು ಹೋದಮೇಲೆ ಕೇಳಿದೆ: "ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನಾನು ತಿಂದು ಮುಗಿಸೋವರೆಗೂ ನೀನು ಎದುರಿಗೇ ಕೂತು ನೋಡ್ತಿರ್ತೀಯಲ್ಲ, ಮೇರಿಯಲ್."

ಅಂದರೆ ಈ ಮನೆಯಲ್ಲಿ ನಾನು ಆ ಬಡಿಸುವಾಕೆ. ಅಷ್ಟು ಹೇಳಿ ಹಾಯಾಗಿ ಮಲಗಿದ್ದಾನೆ, ಗೊರಕೆ ಬೇರೆ.

ಮುಂದಿನ ಭಾನುವಾರವೂ ಸಬ್ಬಕ್ಕಿಯನ್ನೇ ಮಾಡುತ್ತೇನೆ, ಬಟ್ಟಲು ತುಂಬ. ಎದುರಿಗೇ ಕೂರುತ್ತೇನೆ. ಅವನು ಒಂದೇ ಒಂದು ಸಲ ಅದನ್ನು ನನ್ನ ಕಡೆ ತಳ್ಳಲಿ. ಕೊನೆಯ ಕಾಳಿನವರೆಗೂ ನಾನೇ ತಿನ್ನುತ್ತೇನೆ.