ಇರಾವಿಗೆ ಬಾಯಾರುವುದಿಲ್ಲ

ಫೆಬ್ರವರಿ ೩೧, ೨೩೦೬
ಕೋಲಾರದ ಹಳೆಯ ಚಿನ್ನದ ಗಣಿ, ಒಂಬತ್ತನೆಯ ಅಂತಸ್ತು

ಕಾದಂಬರಿ ಬರೆಯುತ್ತಿರುವ ಅಮ್ಮನವರಿಗೆ ಮುನಿತಾಯಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲಿಗೆ ಹೆದರಿ ನೆಲದೊಳಗೆ ಇಳಿದ ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟುಬಿಟ್ಟರು. ಸೂರ್ಯನನ್ನೇ ಕಾಣದವರನ್ನು ಕೇಳುವವರು ಯಾರು? ನನ್ನ ಬರಹದ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಾನದನ್ನು ಕಲಿತದ್ದು ಪಂಪು ರಿಪೇರಿಯ ಪುಸ್ತಕದಿಂದ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಹಿಂದಿನ ಕಾಲಕ್ಕೆ ಹೋಗುವ ಅಂಚೆ, ಮನೆಗೆ ಒಂದೇ ಸಲ. ನಮ್ಮ ಪಕ್ಕದವರು ಅದನ್ನು ಮುತ್ತಜ್ಜನಿಗೆ ಬೈಯಲು ಬಳಸಿ ಮುಗಿಸಿದರು. ನನಗೆ ಆ ಸುಖವಿಲ್ಲ, ನನಗೆ ನೀವು ಬೇಕು.

ನೀವು ಈಗ ಬರೆಯುತ್ತಿರುವ ‘ಬೂದಿರೆಕ್ಕೆಯ ರಾಣಿ’ ನಮ್ಮಲ್ಲಿ ಉಳಿದಿರುವ ಒಂದೇ ಕಥೆ ಪುಸ್ತಕ. ಮಿಕ್ಕಿದ್ದೆಲ್ಲ ಪಂಪು, ಗಾಳಿಯಂತ್ರ, ಅಣಬೆ ಬೇಸಾಯದ ಕೈಪಿಡಿಗಳು. ಪುಸ್ತಕದಲ್ಲಿ ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು ಎಂದು ಮಕ್ಕಳಿಗೆ ಹಾಲು ಕುಡಿಸುವಾಗಲೇ ಹೇಳಿಕೊಡುತ್ತೇವೆ. ಯಾರೋ ಒಬ್ಬ ಜಾಣ ಗಾಳಿಯಂತ್ರದ ಕೈಪಿಡಿಯ ಒಂದು ಸಾಲು ಹಾರಿಸಿದ್ದಕ್ಕೆ ಒಂದಿಡೀ ಸುರಂಗದ ಜನ ಉಸಿರುಕಟ್ಟಿ ಸತ್ತಿದ್ದಾರೆ. ಓದಿದ್ದನ್ನು ಮಾಡಲು ಎದ್ದವರನ್ನು ತಡೆಯುವುದೂ ನಮ್ಮಲ್ಲಿ ಅಪರಾಧ. ಹದಿನೈದು ತುಂಬಿದ ನನ್ನ ಮಗಳು ಸೊಣ್ಣಮ್ಮ ನಿಮ್ಮ ಕಥೆಯನ್ನೂ ಕೈಪಿಡಿಯಂತೆಯೇ ಓದಿದ್ದಾಳೆ. ನಾಳೆ ಗಣಿಯಿಂದ ಹೊರಬಿದ್ದು, ನಿಮ್ಮ ನಾಯಕಿ ಇರಾವಿಯಂತೆ ಮರಳುಗಾಡು ದಾಟಿ, ಹಸಿರು ಕಣಿವೆ ಹುಡುಕಲು ಹೊರಟಿದ್ದಾಳೆ.

ನಿಮ್ಮ ಪುಸ್ತಕದ ಮೇಲೆ ನನಗೆ ಕೆಂಡದಂಥ ಸಿಟ್ಟು. ಹದಿನಾರರ ಹುಡುಗಿ ಬಂದು ಉದ್ಧಾರ ಮಾಡಲಿ ಎಂದು ಇಡೀ ರಾಜ್ಯ ಕೈಕಟ್ಟಿ ಕೂತಿದೆ. ದೊಡ್ಡವರೆಲ್ಲ ಶುದ್ಧ ದಡ್ಡರು. ತಾಯಿಯಂತೂ ಮೊದಲ ಪುಟದಲ್ಲೇ ಗೊಟಕ್. ಆ ರಾಜಕುಮಾರನಿಗೆ ಹುಬ್ಬು ಗಂಟಿಕ್ಕುವುದು ಬಿಟ್ಟು ಬೇರೆ ಕಸುಬಿಲ್ಲ. ಆದರೂ ಇರಾವಿ ಹಕ್ಕಿಯ ಬೆನ್ನೇರಿ ಮೋಡ ಸೀಳಿಕೊಂಡು ಮೇಲೆ ಬಂದಾಗ, ಮೋಡವನ್ನೇ ಕಾಣದ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಮಗಳಿಗೆ ಗೊತ್ತಾಗದಂತೆ ಆ ಪುಟವನ್ನು ಮತ್ತೆ ಮತ್ತೆ ಓದಿದೆ.

ಆದರೆ ಅಮ್ಮಾ, ಇರಾವಿ ಅಷ್ಟು ದೂರ ಮರಳಲ್ಲಿ ನಡೆದರೂ ಒಂದು ಗುಟುಕು ನೀರು ಕುಡಿಯುವುದಿಲ್ಲ. ಹೊರಡುವಾಗ ಕೈಯಲ್ಲಿ ದೀಪ, ಹೆಗಲ ಮೇಲೆ ತಾಯಿಯ ಶಾಲು, ಅಷ್ಟೇ. ನಿಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿರಬೇಕು, ಅದಕ್ಕೇ ನಿಮಗೆ ಹೊಳೆದಿಲ್ಲ. ಸೊಣ್ಣಮ್ಮ ದೀಪ ಒರೆಸಿಟ್ಟಿದ್ದಾಳೆ, ನನ್ನ ಶಾಲು ಮಡಿಚಿಟ್ಟುಕೊಂಡಿದ್ದಾಳೆ, ನೀರಿನ ಕ್ಯಾನು ಮಾತ್ರ ಮುಟ್ಟುತ್ತಿಲ್ಲ. ಹೋದ ವರ್ಷ ಹೀಗೇ ಹೊರಟ ಅವಳ ಗೆಳತಿಯರಿಬ್ಬರು ಇನ್ನೂ ಬಂದಿಲ್ಲ. ಬೈದೆ, ಕೈಮುಗಿದೆ, ಕೊನೆಗೆ ಪುಸ್ತಕದ ಸಾಲುಗಳ ನಡುವೆ ನೀರಿನ ಮಾತನ್ನು ನಾನೇ ಬರೆದೆ. ನೋಡಿದ ಕೂಡಲೇ ಹಿಡಿದಳು. “ಇದು ನಿನ್ ಕೈಬರಹ ಅಲ್ವೇನಮ್ಮಾ? ಅಚ್ಚಾಗಿದ್ದಿದ್ರೆ ತಗೊಂಡೋಗ್ತಿದ್ದೆ,” ಎಂದು ನನ್ನ ಗಲ್ಲ ಸವರಿದಳು.

ಈ ಕಾಗದವನ್ನು ಮೊದಲು ಬೇರೆ ಥರ ಬರೆದಿದ್ದೆ. ದಯವಿಟ್ಟು ಆ ಪುಸ್ತಕ ಬರೆಯಲೇಬೇಡಿ ಎಂದಿದ್ದೆ. ಹರಿದುಹಾಕಿದೆ. ನಿಮ್ಮ ಕಥೆ ಓದುವ ಮುಂಚೆ ನನ್ನ ಮಗಳು ತಲೆ ತಗ್ಗಿಸಿ ಅಣಬೆ ಬಿಡಿಸುತ್ತಿದ್ದಳು, ಯಾವತ್ತೂ ಏನನ್ನೂ ಬೇಕು ಎಂದವಳಲ್ಲ. ಈಗ ಅವಳಿಗೆ ಆಕಾಶ ಬೇಕು. ಅದನ್ನು ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ.

ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ. ಹಕ್ಕಿ ಇರಲಿ, ರಾಜಕುಮಾರನೂ ಇರಲಿ, ಆ ತಾಯಿಯನ್ನು ಮೊದಲ ಪುಟದಲ್ಲೇ ಕೊಂದರೂ ಸರಿ. ಇರಾವಿ ಮರಳಿಗೆ ಕಾಲಿಡುವ ಮುನ್ನ ಹೊರಲಾಗುವಷ್ಟು ನೀರು ತುಂಬಿಕೊಂಡಳು ಎಂದು ಒಂದು ಸಾಲು ಸೇರಿಸಿ, ಅಚ್ಚಿಗೆ ಕೊಡುವ ಮುಂಚೆ. ಇದನ್ನು ಅಂಚೆಗೆ ಹಾಕಿ ಬಂದು, ಇರಾವಿ ಹೊರಡುವ ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಅವಳು ಚಪ್ಪಲಿ ಮೆಟ್ಟುವುದರೊಳಗೆ ಆ ಸಾಲು ಬರಲಿ.