ಅಣ್ಣ ಕೇಳಿದ ಸಾಕ್ಷಿ

4 ಆಗಸ್ಟ್, ಭಾನುವಾರ

ಸಂಡೇ ಸ್ಕೂಲಿಗೆ ಮಕ್ಕಳು ಕಡಿಮೆ. ಜ್ವರದ ಸೀಸನ್. ತುಮಕೂರಿನಲ್ಲಿ ಮನೆಗೊಬ್ಬರು ಮಲಗಿದ್ದಾರೆ.

ಪಾಸ್ಟರ್ ಅಯ್ಯನವರು ಊರಲ್ಲಿಲ್ಲದ ಕಾರಣ ಇವತ್ತು ಚರ್ಚಿನಲ್ಲಿ ಪ್ರಸಂಗ ಅಣ್ಣನದು. ಲೋಕದಲ್ಲಿದ್ದೂ ಲೋಕದವರಾಗದೆ ಬದುಕುವುದು ಹೇಗೆ ಎಂದು. ಚೆನ್ನಾಗಿ ಮಾತಾಡಿದ. ಮಧ್ಯೆ ನನ್ನ ಕಡೆ ನೋಡಿ, "ತನ್ನ ಸುಖ ಬಿಟ್ಟು ನಂಬಿಕೆ ಉಳಿಸಿಕೊಂಡವರು ನಮ್ಮ ಮಧ್ಯದಲ್ಲೇ ಇದ್ದಾರೆ" ಅಂದ. ಹೆಂಗಸರೆಲ್ಲ ತಿರುಗಿ ನೋಡಿದರು. ನಾಚಿಕೆಯಾಯಿತು. ಸಂತೋಷವೂ ಆಯಿತು, ಯಾಕೆ ಸುಳ್ಳು ಹೇಳಲಿ.

ಮನೆಗೆ ಬಂದು ಕೋಳಿಸಾರಿಗೆ ಇಟ್ಟೆ. ಅಣ್ಣನ ಮಗಳು ಕಾವ್ಯ ಈರುಳ್ಳಿ ಹೆಚ್ಚುತ್ತಾ ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಶಾಂತಾ ಅತ್ತಿಗೆ ತೀರಿಕೊಂಡಾಗ ಈ ಹುಡುಗಿ ಎಂಟನೇ ಕ್ಲಾಸು. ಅಂದಿನಿಂದ ಜಡೆ ಹಾಕಿದವಳು ನಾನು. ಅವಳ ಮುಖ ನನಗೆ ಗೊತ್ತಾಗುವುದಿಲ್ಲವೇ?

ಕಾಯುತ್ತೇನೆ. ಹೇಳುತ್ತಾಳೆ.

6 ಆಗಸ್ಟ್, ಮಂಗಳವಾರ

ಸ್ಕೂಲು ಮುಗಿಸಿ ಗುಬ್ಬಿಯಿಂದ ಬಂದು ಇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಾವ್ಯ ನಿಂತಿದ್ದಳು. ಆಫೀಸಿನಿಂದ ನೇರ ಬಂದಿದ್ದಾಳೆ. ಕಬ್ಬಿನ ಹಾಲು ಕೊಡಿಸಿದಳು. ಲಂಚ.

"ಅತ್ತೆ, ಒಬ್ರು ಇದಾರೆ."

ಹೆಸರು ಸಿದ್ದಾರ್ಥ. ಅವಳ ಆಫೀಸಿನವನೇ. ಕುಣಿಗಲ್ ಕಡೆಯವನು, ತಂದೆ ಸದಾಶಿವಯ್ಯ, ಹೈವೇಯಲ್ಲಿ ಅವರದ್ದೇ ಪೆಟ್ರೋಲ್ ಬಂಕ್.

"ನಮ್ಮವರಾ?"

"ಅಲ್ಲ ಅತ್ತೆ. ಲಿಂಗಾಯತರು. ಅಪ್ಪಂಗೆ ನೀನೇ ಹೇಳು. ನಂಗೆ ಭಯ."

ಬೈಯಲು ಬಾಯಿ ಬರಲಿಲ್ಲ. ಸಂಗಮೇಶ್ ನೆನಪಾದರು.

ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ನಮ್ಮ ಸ್ಕೂಲಿನಲ್ಲಿ ಮ್ಯಾಥ್ಸ್ ತೆಗೆದುಕೊಳ್ಳುತ್ತಿದ್ದರು. ಕಡಬದವರು, ಅವರೂ ಲಿಂಗಾಯತರೇ. ಸಿನಿಮಾದಂಥದ್ದು ಏನೂ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ಟಿಫನ್ ಬದಲಾಯಿಸಿಕೊಳ್ಳುತ್ತಿದ್ದೆವು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಕಡಬದ ಕೆರೆ ಏರಿ ಮೇಲೆ ನಡೆದಿದ್ದೆವು. ಮದುವೆಯಾಗುತ್ತೀರಾ ಎಂದು ನೇರವಾಗಿ ಕೇಳಿದರು. ಅಣ್ಣನ ಹತ್ತಿರ ಮಾತಾಡಿ ಅಂದೆ. ಮಾತಾಡಿ ಬಂದ ಅಣ್ಣ ಹೇಳಿದ್ದು ಇಷ್ಟು — "ಚರ್ಚು, ಸಭೆ ಬಿಟ್ಟು ಬಂದ್ರೆ ಮಾತ್ರ ಅಂತಾನೆ ಕಣೇ ಹೆಪ್ಸಿ. ನಮ್ಮ ಕರ್ತನ ಹೆಸರು ಹೇಳಿದ್ರೆ ನಗ್ತಾನೆ." ಆಮೇಲೆ ಇಬ್ಬರೂ ಮೊಣಕಾಲೂರಿ ಪ್ರಾರ್ಥನೆ ಮಾಡಿದೆವು. ಇದು ದೇವರ ಚಿತ್ತವಲ್ಲ ಎಂದು ಅಣ್ಣ ಅತ್ತ. ನಾನೂ ಅತ್ತೆ. ಮಾರನೇ ದಿನದಿಂದ ಸಂಗಮೇಶರ ಜೊತೆ ಮಾತು ಬಿಟ್ಟೆ. ಅವರಿಗೆ ಹೆಬ್ಬೂರಿನ ಸರ್ಕಾರಿ ಸ್ಕೂಲಿಗೆ ಆರ್ಡರ್ ಬಂತು. ಹೋದರು.

ಈಗ ಕಾವ್ಯಳೂ ಹಾಗೇ ಅಳಬೇಕು. ನಾನೇ ಹೇಳಬೇಕು.

8 ಆಗಸ್ಟ್, ಗುರುವಾರ

ಬೆಳಿಗ್ಗೆ ಅಣ್ಣನಿಗೆ ಕಾಫಿ ಕೊಡುತ್ತಾ ಹೇಳಿದೆ. ಗುಡುಗು ಕಾಯುತ್ತಾ ನಿಂತೆ.

"ಯಾವ ಸದಾಶಿವಯ್ಯ? ಬಂಕ್ ಸದಾಶಿವಯ್ಯನಾ?"

"ಹೂಂ. ಅವರ ಮಗ."

ಅಣ್ಣ ಲೋಟ ಇಟ್ಟ. ಮೀಸೆ ಒರೆಸಿಕೊಂಡ. "ಒಳ್ಳೆ ಮನೆತನ ಕಣೇ. ಹುಡುಗೀಗೂ ಇಷ್ಟ ಇದೆ ಅಂದ್ರೆ... ನೋಡೋಣ. ದೇವರ ಚಿತ್ತ ಹೆಂಗಿದ್ಯೋ."

ಕೇಳಿದ್ದು ಸರಿಯಾ ಎಂದು ನೋಡುತ್ತಲೇ ನಿಂತೆ. ಆಮೇಲೆ ಹೇಗೋ ಧೈರ್ಯ ಮಾಡಿದೆ. "ನನ್ನ ವಿಷಯದಲ್ಲಿ ದೇವರ ಚಿತ್ತ ಬೇರೆ ಇತ್ತಲ್ಲ ಅಣ್ಣ?"

"ಆ ಕಾಲವೇ ಬೇರೆ ಹೆಪ್ಸಿ." ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಕಾಲ ಬೇರೆಯಂತೆ. ದೇವರು ಅವನೇ ಅಲ್ಲವೇ?

9 ಆಗಸ್ಟ್

ಕೋಪ ಪಾಪ ಎಂದು ಮಕ್ಕಳಿಗೆ ಕಲಿಸುತ್ತೇನೆ. ಇವತ್ತು ಬರೆಯುವುದಿಲ್ಲ.

25 ಆಗಸ್ಟ್, ಭಾನುವಾರ

ನಿಶ್ಚಿತಾರ್ಥ. ಕುಣಿಗಲ್ಲಿನ ಛತ್ರದಲ್ಲಿ. ಆರಾಧನೆ ಬಿಟ್ಟು ಹೋದೆವು. ಅಣ್ಣ ಸಭೆಯ ಸೆಕ್ರೆಟರಿಯಾದ ಮೇಲೆ ಇದೇ ಮೊದಲು.

ಜನ ಒಳ್ಳೆಯವರು. ಹುಡುಗನ ತಾಯಿ ಬಸವಲಿಂಗಮ್ಮ ನನ್ನ ಕೈ ಹಿಡಿದು, "ತಾಯಿ ಇಲ್ದ ಮಗೂನ ಸಾಕಿದ್ದೀರಂತೆ. ನೀವೇ ನಂಗೆ ಬೀಗಿತ್ತಿ" ಅಂದರು. ಕಣ್ಣಲ್ಲಿ ನೀರು ಬಂತು.

ಊಟ ಮುಗಿಸಿ ಕೈ ತೊಳೆಯುವಲ್ಲಿ ಪಕ್ಕದ ನಲ್ಲಿಗೆ ಒಬ್ಬರು ಬಂದರು. ತಲೆ ನರೆತಿದೆ. ಸಂಗಮೇಶ್. ಬಸವಲಿಂಗಮ್ಮನವರ ದೊಡ್ಡಮ್ಮನ ಮಗನಂತೆ. ಹೆಂಡತಿ ರೂಪಶ್ರೀ, ಒಬ್ಬಳು ಮಗಳು. ಕ್ಷೇಮ ವಿಚಾರಿಸಿದೆವು. ಹೊರಡಬೇಕು ಅನ್ನುವಾಗ ತಡೆದರು.

"ಮೇಡಂ, ಒಂದ್ ಮಾತ್ ಕೇಳ್ಲಾ? ತಪ್ಪು ತಿಳ್ಕೋಬೇಡಿ. ಆವಾಗ ನೀವೇ ನನ್ ಹತ್ರ ಹೇಳ್ಬೋದಿತ್ತು. ಅಣ್ಣನ ಕೈಲಿ ಯಾಕ್ ಹೇಳ್ಸಿದ್ರಿ?"

"ಏನಂತ?"

"ಒಲ್ಲೆ ಅಂತ."

ನನಗೆ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. "ನಾನು ಅವತ್ತು ಏನಂದೆ? ನಿಮ್ ಚರ್ಚ್‌ಗೆ ಬಂದು ಕೂತ್ಕೋತೀನಿ, ಕಲೀತೀನಿ, ಎಷ್ಟ್ ದಿನ ಆದ್ರೂ ಕಾಯ್ತೀನಿ ಅಂದೆ. ಅವ್ರು, 'ಅವ್ಳಿಗೇ ಇಷ್ಟ ಇಲ್ಲ, ಮುಖ ನೋಡಿ ಹೇಳೋಕೆ ಸಂಕೋಚ' ಅಂದ್ರು. ಮಾರನೇ ದಿನ ನೀವು ಮಾತೇ ಬಿಟ್ರಿ. ನಿಜ ಅನ್ಕೊಂಡೆ."

"ನಾನು ಹಾಗೆ ಹೇಳಿರಲಿಲ್ಲ ಸರ್."

ನಲ್ಲಿ ನಿಲ್ಲಿಸಲು ಇಬ್ಬರಿಗೂ ತೋಚಲಿಲ್ಲ. ಆಮೇಲೆ ಅವರ ಮಗಳು "ಅಪ್ಪಾ" ಎಂದು ಕೂಗಿದಳು. ಅವರು ಕೈ ಮುಗಿದರು. ಹೋದರು.

ಬರುವಾಗ ಕಾರಿನಲ್ಲಿ ಅಣ್ಣ ಕೀರ್ತನೆ ಹಾಡಿಕೊಳ್ಳುತ್ತಿದ್ದ.

26 ಆಗಸ್ಟ್, ಸೋಮವಾರ

ಕಾವ್ಯ ಆಫೀಸಿಗೆ ಹೋದ ಮೇಲೆ ಅಣ್ಣನನ್ನು ಕೇಳಿದೆ. ರಜೆ ಹಾಕಿ ಕೇಳಿದೆ.

ಮೊದಲು ನೆನಪಿಲ್ಲ ಅಂದ. ಆಮೇಲೆ ಸಂಗಮೇಶ್ ಸುಳ್ಳ ಅಂದ. ನಾನು ಎದುರಿಗೇ ಕೂತೆ. ಕೊನೆಗೆ ತಲೆ ತಗ್ಗಿಸಿದ.

"ಶಾಂತಾ ಹೋಗಿ ವರ್ಷ ಆಗಿರ್ಲಿಲ್ಲ ಹೆಪ್ಸಿ. ಮಗು ಎದ್ದೆದ್ದು ಅಳ್ತಿತ್ತು. ನೀನೂ ಹೋಗ್ಬಿಟ್ಟಿದ್ರೆ ಈ ಮನೆ ಏನಾಗ್ತಿತ್ತು ಹೇಳು?"

"ಇರು ಅಂತ ಕೇಳಿದ್ರೆ ಇರ್ತಿದ್ದೆ. ಅವರೂ ಕಾಯ್ತೀನಿ ಅಂದಿದ್ರು."

"ಕೇಳೋಕೆ ಮುಖ ಇರ್ಲಿಲ್ಲ."

"ಅದಕ್ಕೆ ದೇವರನ್ನ ಯಾಕೆ ಮಧ್ಯಕ್ಕೆ ತಂದೆ ಅಣ್ಣ? ನನ್ನ ಜೊತೆ ಮೊಣಕಾಲೂರಿ ಅತ್ತೆಯಲ್ಲ... ಯಾವುದಕ್ಕೆ ಅತ್ತೆ?"

ಫೋನ್ ಬಂತು. ಸಭೆಯ ವಿಷಯ. "ವಂದನೆ ಬ್ರದರ್" ಎನ್ನುತ್ತಾ ಹೊರಗೆ ಹೋದ.

ಇಷ್ಟು ದಿನ ನಾನು ಕರ್ತನಿಗೆ ಕೊಟ್ಟೆ ಎಂದುಕೊಂಡದ್ದನ್ನು ಅಣ್ಣ ಮನೆಗೆಲಸಕ್ಕೆ ತೆಗೆದುಕೊಂಡಿದ್ದ. ಕಾವ್ಯಳನ್ನು ಸಾಕಿದ್ದಕ್ಕೆ ಬೇಸರವಿಲ್ಲ. ಒಂದು ಗಳಿಗೆಗೂ ಇಲ್ಲ. ಆದರೆ ನನ್ನನ್ನು ಕೇಳಬೇಕಿತ್ತು.

6 ಅಕ್ಟೋಬರ್, ಭಾನುವಾರ

ತಿಂಗಳ ಮೇಲಾಯಿತು ಇದನ್ನು ಮುಟ್ಟಿ. ಮನೆಯಲ್ಲಿ ಉಪ್ಪು, ಸಾರು, ಕರೆಂಟ್ ಬಿಲ್ಲು — ಇಷ್ಟೇ ಮಾತು. ಕಾವ್ಯಳಿಗೆ ಏನೂ ಹೇಳಿಲ್ಲ. ಅವಳು ಸೀರೆ, ಬ್ಲೌಸು ಎಂದು ಓಡಾಡುತ್ತಿದ್ದಾಳೆ.

ಇವತ್ತು ಅಣ್ಣ ಅಡುಗೆಮನೆಗೇ ಬಂದ. ಕುಣಿಗಲ್ಲಿನಲ್ಲಿ ಅವರ ಶಾಸ್ತ್ರದಂತೆ ಮದುವೆ. ಅದಕ್ಕೆ ಮೊದಲು ನಮ್ಮ ಚರ್ಚಿನಲ್ಲೂ ಆಗಬೇಕು ಎಂದು ಅವನಿಗೆ ಆಸೆ. ಸೆಕ್ರೆಟರಿಯ ಮಗಳು ಚರ್ಚಿನಲ್ಲಿ ಮದುವೆಯಾಗದಿದ್ದರೆ ಜನ ಏನೆಂದಾರು? ಆದರೆ ಹುಡುಗ ಬೋಧನೆ ತೆಗೆದುಕೊಂಡು ವಿಶ್ವಾಸಕ್ಕೆ ಬಂದಿರಬೇಕು ಎಂದು ಅಯ್ಯನವರು ಹಿಡಿದಿದ್ದಾರೆ.

"ಆಗಸ್ಟಿಂದ ನೀನೇ ಅವ್ನಿಗೆ ಬೋಧನೆ ಕೊಡ್ತಿದೀಯ, ನಂಬಿಕೆಗೆ ಬಂದವ್ನೆ ಅಂತ ಅಯ್ಯನವರ ಮುಂದೆ ಒಂದು ಸಾಕ್ಷಿ ಹೇಳ್ಬಿಡು. ಸಂಡೇ ಸ್ಕೂಲ್ ಹೆಪ್ಸಿಬಾ ಸುಳ್ಳು ಹೇಳ್ತಾಳೆ ಅಂತ ಯಾರೂ ಅನ್ನಲ್ಲ."

ಎಷ್ಟು ಸಲೀಸಾಗಿ ಕೇಳಿದ! ನಾನು ಸುಳ್ಳು ಹೇಳುವವಳಲ್ಲ, ಅದಕ್ಕೇ ನನ್ನ ಸುಳ್ಳು ಬೇಕು.

"ಹುಡುಗನ ಹತ್ತಿರ ಮಾತಾಡಿ ಹೇಳ್ತೀನಿ" ಅಂದೆ.

12 ಅಕ್ಟೋಬರ್, ಶನಿವಾರ

ಸಿದ್ದಾರ್ಥ ಬಂದಿದ್ದ. ಆಯುಧಪೂಜೆ ಮುಗಿದ ಕಾರು, ಚೆಂಡುಹೂವಿನ ಹಾರ ಇನ್ನೂ ಬಾಡಿಲ್ಲ. ಹಣೆಯಲ್ಲಿ ವಿಭೂತಿ. ಒರೆಸಿಕೊಂಡು ಬಂದಿರಲಿಲ್ಲ. ಅದು ಹಿಡಿಸಿತು.

"ನೀನು ನಂಬ್ತೀಯೇನಪ್ಪ?" ಎಂದು ಕೇಳಿದೆ.

"ಆಂಟಿ, ನಿಮ್ ಹತ್ರ ಸುಳ್ ಹೇಳಲ್ಲ. ಕಾವ್ಯ ಚರ್ಚ್‌ಗೆ ಹೋಗ್ಲಿ, ನಾನೇ ಕರ್ಕೊಂಡ್ ಬರ್ತೀನಿ. ಪಕ್ಕದಲ್ಲಿ ಕೂತ್ಕೋ ಅಂದ್ರೆ ಕೂತ್ಕೋತೀನಿ. ನಂಬ್ತೀನಿ ಅಂತ ಮಾತ್ರ ಹೇಳಕ್ಕಾಗಲ್ಲ."

"ಕಾವ್ಯಳ ಅಪ್ಪ ಏನಂದಿದಾರೆ?"

"ಸುಮ್ನೆ ಹೂಂ ಅಂದ್ಬಿಡು, ಫಾರ್ಮಾಲಿಟಿ ಅಂದ್ರು. ನಂಗೆ ಒಂಥರಾ ಆಯ್ತು ಆಂಟಿ. ದೇವ್ರ ಮನೇಲಿ ನಿಂತ್ಕೊಂಡು..."

ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

13 ಅಕ್ಟೋಬರ್, ಭಾನುವಾರ

ಆರಾಧನೆ ಮುಗಿದ ಮೇಲೆ ಅಯ್ಯನವರು ಒಳಕೋಣೆಗೆ ಕರೆದರು. ಅಣ್ಣ, ಇನ್ನಿಬ್ಬರು ಹಿರಿಯರು. ಅಯ್ಯನವರು ಕೇಳಿದರು. ಅಣ್ಣ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಅಯ್ಯನವರೇ. ಬೋಧನೆ ಆಗಿಲ್ಲ. ಹುಡುಗ ಒಳ್ಳೆಯವನು, ಮಾತಿಗೆ ತಪ್ಪದವನು. ಆದರೆ ವಿಶ್ವಾಸಕ್ಕೆ ಬಂದಿಲ್ಲ. ಮದುವೆ ರಿಜಿಸ್ಟರ್ ಆಗಲಿ. ತಾವು ಮನೆಗೆ ಬಂದು ಮಕ್ಕಳಿಗಾಗಿ ಪ್ರಾರ್ಥನೆ ಮಾಡಿ. ಅದರಲ್ಲಿ ಸುಳ್ಳಿಲ್ಲ."

ಅಣ್ಣನ ಸ್ಕೂಟರಿನಲ್ಲೇ ಬಂದೆವು. ಮನೆ ಬಾಗಿಲಲ್ಲಿ ಶುರುವಾಯಿತು. "ಸೇಡು ತೀರಿಸ್ಕೊಂಡೆ ಅಲ್ವಾ? ಇಷ್ಟ್ ದಿನ ಹೊಟ್ಟೇಲಿ ಇಟ್ಕೊಂಡಿದ್ದು?"

ಅದನ್ನು ತಡೆದುಕೊಂಡೆ. ಕಾವ್ಯ ರೂಮಿನಿಂದ ಬಂದಳು. ಅಪ್ಪ ಫೋನಿನಲ್ಲೇ ಹೇಳಿಬಿಟ್ಟಿದ್ದ.

"ನಿಂಗೆ ಸಿಗ್ಲಿಲ್ಲ ಅಂತ ನಂಗೂ ಸಿಗ್ಬಾರ್ದಾ ಅತ್ತೆ?"

ಒಂದು ಮಾತು ಸಾಕಿತ್ತು. ನಿಮ್ಮಪ್ಪ ಏನು ಮಾಡಿದ ಗೊತ್ತಾ ಎಂದು. ಅಣ್ಣನ ಮುಖ ಬಿಳಿಚಿಕೊಂಡಿತು. ಹೇಳಿಬಿಡುತ್ತಾಳೆ ಎಂದು ಕಾಯುತ್ತಿದ್ದ. ಆ ಮುಖ ನೋಡಿ ನನಗೆ... ಗೊತ್ತಿಲ್ಲ. ಹೇಳಲಿಲ್ಲ. ಒಳಗೆ ಹೋಗಿ ನಾಳೆಗೆ ಇಡ್ಲಿ ಹಿಟ್ಟು ರುಬ್ಬಿದೆ.

ಸೇಡೇ? ಪ್ರಾಮಾಣಿಕವಾಗಿ ಯೋಚಿಸಿದೆ. ಒಂದು ಚೂರು ಇರಬಹುದು. ಆ ಚೂರು ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

20 ಅಕ್ಟೋಬರ್, ಭಾನುವಾರ

ಸಂಡೇ ಸ್ಕೂಲಿಗೆ ಹೋದರೆ ಕೋಮಲಾ ನಿಂತು ಪಾಠ ಮಾಡುತ್ತಿದ್ದಾಳೆ. ನಾನೇ ಹಾಡು ಕಲಿಸಿದ ಹುಡುಗಿ. ನನ್ನ ಮುಖ ನೋಡಲಿಲ್ಲ. ಅಯ್ಯನವರು ಹೊರಗೆ ಕರೆದು, "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸಿಸ್ಟರ್. ಕುಟುಂಬದಲ್ಲಿ ಸಮಾಧಾನ ಮುಖ್ಯ" ಅಂದರು.

"ಮದುವೆ?"

"ಮದುವೆ ಅಂತ ಅಲ್ಲ. ಆಶೀರ್ವಾದದ ಆರಾಧನೆ ಅಂತ ಕರೀತೀವಿ. ಕಮಿಟಿ ಒಪ್ಪಿದೆ."

ಅಂದರೆ ಚರ್ಚು, ಕ್ವಾಯರ್, ಹೂವು ಎಲ್ಲ ಇರುತ್ತದೆ. ಹೆಸರು ಬೇರೆ. ನಾನು ನಿಜ ಹೇಳಿ ಕಳೆದುಕೊಂಡದ್ದು ನನ್ನ ಮಕ್ಕಳನ್ನು ಮಾತ್ರ.

ಲೋಕ ಮೋಸ ಮಾಡುತ್ತದೆ ಎಂದು ಕಾವಲು ಕಾದೆ. ಬೀಗವೆಲ್ಲ ಬೀದಿಬಾಗಿಲಿಗೆ ಹಾಕಿದೆ.

2 ನವೆಂಬರ್, ಶನಿವಾರ

ಗುಬ್ಬಿಯಲ್ಲಿ ರೂಮು. ಸ್ಕೂಲಿಗೆ ನಡೆದೇ ಹೋಗಬಹುದು. ಓನರ್ ಮಹಾಲಕ್ಷ್ಮಮ್ಮ ಕೆಳಗಿದ್ದಾರೆ. ಒಬ್ಬಟ್ಟು ತಂದುಕೊಟ್ಟು, "ದೀಪಾವಳಿ ದಿನ ಮನೆ ಬದ್ಲಾಯ್ಸೋರು ನೀವೊಬ್ರೇ ಕಣವ್ವ" ಅಂದರು. ಯಾಕೆ ಎಂದು ಕೇಳಲಿಲ್ಲ. ಬಾಗಿಲಿಗೆ ಒಂದು ದೀಪ ಇಡಲಾ ಎಂದು ಕೇಳಿದರು. ನಮ್ಮಲ್ಲಿ ಇಡುವುದಿಲ್ಲ ಅಂದೆ. "ಆಯ್ತು ಬುಡಿ, ಮೆಟ್ಲಿಗೆ ಇಡ್ತೀನಿ, ಕತ್ಲು" ಅಂದರು.

ಬರುವಾಗ ಕಾವ್ಯ ರೂಮಿನಿಂದ ಹೊರಗೆ ಬರಲಿಲ್ಲ. ಅಣ್ಣ ಟ್ರಂಕು ಎತ್ತಿ ಆಟೋದಲ್ಲಿಟ್ಟ. "ಹೋಗಲೇಬೇಕಾ?" ಅಂದ. ಈಗ ಕೇಳಿದ.

17 ನವೆಂಬರ್, ಭಾನುವಾರ

ಇವತ್ತು ಕುಣಿಗಲ್ಲಿನಲ್ಲಿ ಧಾರೆ. ಲಗ್ನಪತ್ರಿಕೆ ಪೋಸ್ಟಿನಲ್ಲಿ ಬಂದಿತ್ತು, ಪರಸ್ಥಳದವರಿಗೆ ಬರುವ ಹಾಗೆ.

ಇಲ್ಲಿಯ ಚರ್ಚಿಗೆ ಹೋದೆ. ಹಿಂದಿನ ಬೆಂಚು. ಯಾವ ವಾಕ್ಯ ಓದಿದರೋ ಕಿವಿಗೆ ಬೀಳಲಿಲ್ಲ. ಕಾವ್ಯಳಿಗೆ ಸೀರೆ ಉಡಿಸಿದವರು ಯಾರು? ಅವಳಿಗೆ ನೆರಿಗೆ ನಿಲ್ಲುವುದೇ ಇಲ್ಲ.

8 ಡಿಸೆಂಬರ್, ಭಾನುವಾರ, ಮಧ್ಯಾಹ್ನ

ಕಾವ್ಯ ಬಂದಿದ್ದಳು. ಈಗಷ್ಟೇ ಹೋದಳು. ಸಿದ್ದಾರ್ಥ ಕೆಳಗೆ ಕಾರಿನಲ್ಲೇ ಕೂತಿದ್ದ, "ನೀವಿಬ್ರೇ ಮಾತಾಡಿ" ಎಂದು.

ಮೆಟ್ಟಿಲು ಹತ್ತಿ ಬಂದವಳು ಕೂರಲೂ ಇಲ್ಲ. "ಅತ್ತೆ, ಸಂಗಮೇಶ್ ಮಾವ ನಮ್ಮತ್ತೆ ಹತ್ರ ಎಲ್ಲಾ ಹೇಳಿದಾರೆ. ನಿಜಾನಾ? ಅಪ್ಪ ಹಂಗೆ ಮಾಡಿದ್ರಾ?"

ಇಲ್ಲ ಅನ್ನಬಹುದಿತ್ತು. "ಹೂಂ" ಅಂದೆ.

"ನನ್ನನ್ನ ನೋಡ್ಕೊಳ್ಳೋಕಾ?"

"ನಿನ್ನ ತಪ್ಪೇನಿಲ್ಲ ಕಣೇ. ನೀನು ಮಗು."

"ಅವತ್ತು ನಾನು ಅಷ್ಟು ಕೆಟ್ಟ ಮಾತಾಡ್ದೆ. ಆವಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಮದುವೆ ಮುಂದಿಟ್ಕೊಂಡು ನಿನ್ನಿಂದ ಅಪ್ಪನ್ನ ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಆಗ ಕೂತಳು. ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು, ಎಂಟನೇ ಕ್ಲಾಸಿನ ಹುಡುಗಿಯ ಹಾಗೆ. ಅಪ್ಪನ ಜೊತೆ ಇನ್ನು ಮಾತಾಡುವುದಿಲ್ಲ ಅಂದಳು. ಮಾತಾಡು ಅಂದೆ. ನೀನು ಮಾತಾಡುತ್ತೀಯಾ ಎಂದು ಕೇಳಿದಳು.

"ಕ್ಷಮಿಸಿದೀಯಾ ಅತ್ತೆ?"

ಸಂಡೇ ಸ್ಕೂಲಿನಲ್ಲಾದರೆ ಉತ್ತರ ಬಾಯಲ್ಲೇ ಇರುತ್ತಿತ್ತು.

"ಇಲ್ಲ ಕಣೇ. ಇನ್ನೂ ಇಲ್ಲ."

ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಂಡು, ಕ್ರಿಸ್ಮಸ್‌ಗೆ ನಮ್ಮ ಮನೆಗೆ ಬಾ ಅಂದಳು. ಅವಳ ಅತ್ತೆ ಹೇಳಿ ಕಳಿಸಿದ್ದಾರಂತೆ. ಅಪ್ಪನೂ ಬರುತ್ತಾನೆ ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಹೋದಳು.

ಅದೇ ದಿನ, ಸಂಜೆ

ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ. ಹೋದರೆ ಎದುರಿಗೆ ಕೂತು ಊಟ ಮಾಡಬೇಕು. ನಗಬೇಕು. ಮನಸ್ಸಿನಲ್ಲಿಲ್ಲದ ನಗು ಕೂಡ ಸುಳ್ಳೇ.

ಅವನಿಗಾಗಿ ಪ್ರಾರ್ಥನೆಯಾದರೂ ಮಾಡೋಣ ಎಂದು ಕೂತೆ. ಬಾಯಿ ಬರಲಿಲ್ಲ. ಬರೆದರಾದರೂ ಆದೀತು ಎಂದು ಪೆನ್ನು ತೆಗೆದುಕೊಂಡಿದ್ದೇನೆ. ಒಂದೇ ವಾಕ್ಯ ಸಾಕು. ನಿಜವಾಗಿರಬೇಕು, ಅಷ್ಟೇ.

ಕರ್ತನೇ, ನನ್ನ ಅಣ್ಣ ಸುಕುಮಾರನನ್ನು...